ಕೊಳವೆ ಗುಡಿಸಿದವರು ಯಾರು

ಸೆಪ್ಟೆಂಬರ್ 22

ಮಾವ,

ಈ ಚಳಿಗಾಲದ ಮೊದಲ ಬೆಂಕಿ ಹಚ್ಚಿದೆ, ಮನೆ ತುಂಬ ಹೊಗೆ. ನೀವು ಮದುವೆಗೆ ಉಡುಗೊರೆ ಕೊಟ್ಟು, ನೀವೇ ಬಂದು ಕೂರಿಸಿದ ಕಬ್ಬಿಣದ ಒಲೆ ಇದು. ದೂರು ಹೇಳಲು ನಾನು ಇನ್ಯಾರ ಬಳಿ ಹೋಗಲಿ? ಊರಿಗೆಲ್ಲ ಹೊಗೆ ಮೇಸ್ತ್ರಿ ಅನ್ನಿಸಿಕೊಂಡವರ ಸೊಸೆ ಅಂಗಳದಲ್ಲಿ ನಿಂತು ಕಣ್ಣು ಉಜ್ಜಿಕೊಳ್ಳುವುದು ನಿಮಗೆ ಶೋಭೆಯೇ ಹೇಳಿ.

ಕಿಟಕಿ ತೆಗೆದದ್ದೇ ಎದುರು ಮನೆಯ ಟೈಲರಮ್ಮ ಓಡಿ ಬಂದರು. "ಏನ್ರೀ, ಮನೆಗೆ ಬೆಂಕಿ ಬಿತ್ತಾ?" ಅಂದರು. "ಇಲ್ಲಾರೀ, ಒಲೆಗೇ ಬಿದ್ದಿಲ್ಲ, ಅದೇ ತೊಂದ್ರೆ" ಅಂದೆ. ಅವರು ನಗಲಿಲ್ಲ. ನೀವಾಗಿದ್ದರೆ ನಗುತ್ತಿದ್ದಿರಿ.

ಆಮೇಲೆ ಹೇಗೋ ಹತ್ತಿಕೊಂಡಿತು. ಆದರೆ ಬಾಗಿಲಿನ ಗಾಜು ಎರಡೇ ದಿನಕ್ಕೆ ಕಪ್ಪಾಗಿದೆ. ಒಳಗೆ ಬೆಂಕಿ ಇದೆಯೋ ಆರಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಪ್ರತಿ ವರ್ಷ ಈ ಹೊತ್ತಿಗೆ ನೀವು ಬ್ರಷ್ಷು, ಸರಳು ಹೆಗಲಿಗೇರಿಸಿಕೊಂಡು ಬಂದು, ಛಾವಣಿ ಹತ್ತಿ ಹೊಗೆ ಕೊಳವೆ ಗುಡಿಸಿಕೊಟ್ಟು ಹೋಗುತ್ತಿದ್ದಿರಿ. ಈ ಸಲ ಯಾವಾಗ ಬರುತ್ತೀರಿ? ಚಳಿ ಆಗಲೇ ಹೊಸ್ತಿಲಿಗೆ ಬಂದಿದೆ.

ಇವರು ಚೆನ್ನಾಗಿದ್ದಾರೆ. ಕೆಲಸ ಜಾಸ್ತಿ, ಅದಕ್ಕೇ ಅಪ್ಪನಿಗೆ ಬರೆಯಲು ಆಗುತ್ತಿಲ್ಲ ಅಂದರು.

ನಿಮ್ಮ ಸೊಸೆ

ಅಕ್ಟೋಬರ್ 1

ಮಗಳೇ,

ನಿನ್ನ ದೂರು ತಲುಪಿತು, ವಿಚಾರಣೆಯೂ ಮುಗಿಯಿತು. ತಪ್ಪು ಒಲೆಯದ್ದಲ್ಲ, ಕೂರಿಸಿದವನದ್ದಂತೂ ಅಲ್ಲವೇ ಅಲ್ಲ. ಬೇಸಿಗೆಯಿಡೀ ಸುಮ್ಮನೆ ನಿಂತ ಕೊಳವೆಯಲ್ಲಿ ತಣ್ಣನೆಯ ಗಾಳಿ ಮನೆ ಅಳಿಯನ ಹಾಗೆ ಝಂಡಾ ಹೂಡಿರುತ್ತದೆ. ಅದನ್ನು ಎಬ್ಬಿಸದೆ ಸೌದೆ ಹಚ್ಚಿದರೆ ಹೊಗೆಗೆ ದಾರಿ ಸಿಗದೆ ನಿನ್ನ ಕಡೆಗೇ ತಿರುಗುತ್ತದೆ. ಇನ್ನು ಮೇಲೆ ಮೊದಲು ಒಂದು ಹಾಳೆ ಕಾಗದ ಮುದುಡಿ, ಒಲೆಯ ಬಾಯಲ್ಲಿ ಮೇಲಕ್ಕೆ ಹಿಡಿದು ಉರಿಸು. ಕೊಳವೆ ಬೆಚ್ಚಗಾಗಿ ಎಳೆಯತೊಡಗುತ್ತದೆ. ಒಂದೇ ಹಾಳೆ, ನೆನಪಿರಲಿ. ಕಂತೆಗಟ್ಟಲೆ ಹಾಕಿದರೆ ಉರಿಯುವ ಚೂರುಗಳು ಕೊಳವೆಯೊಳಗೆ ಹಾರುತ್ತವೆ, ಅದು ಬೇರೆಯೇ ಪೀಕಲಾಟ.

ಗಾಜು ಕಪ್ಪಾಗುತ್ತಿದ್ದರೆ ಸೌದೆ ಹಸಿ ಇರಬೇಕು. ಎರಡು ಸೀಳು ತೆಗೆದುಕೊಂಡು ಒಂದಕ್ಕೊಂದು ತಟ್ಟು. ಟಣ್ ಅಂದರೆ ಒಣಗಿದೆ, ದಪ್ ಅಂದರೆ ಸೌದೆಯವನು ನಿನಗೆ ಟೋಪಿ ಹಾಕಿದ್ದಾನೆ. ಗಾಳಿ ನುಸುಳದಂತೆ ಒಲೆ ಬಾಗಿಲಿನ ಅಂಚಿಗೆ ಸುತ್ತಿದ, ಬೆಂಕಿ ತಡೆಯುವ ಹಗ್ಗವನ್ನೂ ನೋಡು. ಬಾಗಿಲಿನ ನಡುವೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆ. ಸಲೀಸಾಗಿ ಬಂದುಬಿಟ್ಟರೆ ಹಗ್ಗ ಸವೆದಿದೆ ಅಂತ ಅರ್ಥ, ಹೊಸದು ಕಳಿಸುತ್ತೇನೆ.

ಈ ಸಲ ನಾನು ಬರುವುದು ಕಷ್ಟ. ಕೈ ತುಂಬ ಕೆಲಸ. ನಿಮ್ಮ ಊರಲ್ಲೇ ಯಾರನ್ನಾದರೂ ಕರೆಸಿ ಗುಡಿಸಿಸು.

ಇನ್ನೊಂದು ಮಾತು. ಈಗ ಅಲ್ಲಿ ಸೌದೆ ಸೀಳುವವರು ಯಾರು? ಛಾವಣಿ ಹತ್ತುವವರು ಯಾರು? ಇದ್ದದ್ದು ಇದ್ದ ಹಾಗೆ ಬರೆ. ನಾನು ಬೈಯುವವನಲ್ಲ ಅಂತ ನಿನಗೆ ಗೊತ್ತು. ಬೈದರೂ ಅದು ಬಾಯಿ ಚಪಲಕ್ಕೆ.

ಹೊಗೆ ಮೇಸ್ತ್ರಿ

ಅಕ್ಟೋಬರ್ 12

ಮಾವ,

ಸೌದೆ ತಟ್ಟಿ ನೋಡಿದೆ, ಟಣ್ ಅಂದಿತು. ಬಾಗಿಲಿನ ಹಗ್ಗವೂ ಗಟ್ಟಿ ಇದೆ. ಆದ್ದರಿಂದ ಸೌದೆಯವನು ಬಚಾವ್, ನಾನೂ ಬಚಾವ್.

ಕೆಲಸ ಇದೆ ಅಂತ ನೀವು ಬರುವುದಿಲ್ಲವೆಂದದ್ದು ಓದಿದೆ. ಕಳೆದ ವರ್ಷವೂ ಕೆಲಸ ಇತ್ತು, ಆದರೂ ಬಂದು ನಾಲ್ಕು ದಿನ ಇದ್ದಿರಿ. ಇರಲಿ, ದೊಡ್ಡವರ ಮನಸ್ಸು, ಕೇಳುವುದಕ್ಕೆ ನಾನ್ಯಾರು.

ಸೌದೆ ಸೀಳುವವರು ಯಾರು ಅಂತ ಕೇಳಿದ್ದೀರಿ. ಮತ್ಯಾರು, ಇವರೇ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅಂದಂದಿನ ಸೌದೆ ಸೀಳಿಟ್ಟು ಹೋಗುತ್ತಾರೆ. ಮೊನ್ನೆ ಕೊಡಲಿ ಹಿಡಿ ಬದಲಾಯಿಸಿದರು. ಕೈಯಲ್ಲಿ ಬೊಬ್ಬೆ ಬಂದಿದೆ, ಎಣ್ಣೆ ಹಚ್ಚಿದೆ.

ನದಿಯಲ್ಲಿ ಮಂಜು ಹೆಚ್ಚಾಗಿ ಲಾಂಚ್ ನಿಲ್ಲಿಸಿದರು. ಇನ್ನು ವಸಂತದವರೆಗೆ ನಾನು ಕೂರುವ ಟಿಕೆಟ್ ಗೂಡಿಗೆ ಬೀಗ, ನನಗೆ ಮನೆ. ಗೂಡಿನಲ್ಲಿದ್ದಾಗ ದಿನಕ್ಕೆ ಇನ್ನೂರು ಜನ "ಒಂದು ಕೊಡಿ, ಎರಡು ಕೊಡಿ" ಅನ್ನುತ್ತಿದ್ದರು. ಅದೂ ಒಂದು ಮಾತೇ ಆಗಿತ್ತು ಅಂತ ಈಗ ತಿಳಿಯುತ್ತಿದೆ. ನಿನ್ನೆ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಲು ಬಾಯಿ ತೆಗೆದರೆ ಗಂಟಲು ಕಟ್ಟಿಕೊಂಡಿತ್ತು. ಹಿಂದಿನ ದಿನವಿಡೀ ಮಾತಾಡಿರಲಿಲ್ಲ ಅಂತ ಆಗ ಹೊಳೆಯಿತು. ಇವರು ಇದ್ದಾರೆ, ಆದರೆ ನಿಮಗೆ ಗೊತ್ತಲ್ಲ, ಮಾತು ಕಡಿಮೆ.

ಒಂದು ಸಂತೋಷದ ಸುದ್ದಿ. ಒಲೆಯನ್ನು ನಾನು ಚೆನ್ನಾಗಿ ಪಳಗಿಸಿದ್ದೇನೆ. ಮಲಗುವ ಮುಂಚೆ ದಪ್ಪ ಕೊರಡು ಹಾಕಿ ಗಾಳಿ ಕಿಂಡಿ ಪೂರ್ತಿ ಮುಚ್ಚಿಬಿಟ್ಟರೆ ಬೆಳಿಗ್ಗೆ ಎದ್ದಾಗಲೂ ಕೆಂಡ ಇರುತ್ತದೆ! ಹಗಲೂ ಹಾಗೇ ಇಟ್ಟರೆ ಸೌದೆ ಉಳಿತಾಯ. ಎದ್ದ ಕೂಡಲೇ ತಣ್ಣಗಿನ ಒಲೆ ನೋಡುವ ಕರ್ಮ ತಪ್ಪಿತು. ಕೊಳವೆಯ ಕೀಲಿನಿಂದ ಕಪ್ಪು ನೀರಿನಂಥದ್ದು ಸ್ವಲ್ಪ ಇಳಿಯುತ್ತಿದೆ, ಒಂಥರಾ ಸುಟ್ಟ ವಾಸನೆ. ಕೆಳಗೆ ಹಳೆ ಡಬ್ಬ ಇಟ್ಟಿದ್ದೇನೆ.

ನಿಮ್ಮ ಸೊಸೆ

ಅಕ್ಟೋಬರ್ 19

ಮಗಳೇ,

ಡಬ್ಬ ಇಟ್ಟಿದ್ದೀಯಾ! ನಿನ್ನ ಜಾಣತನಕ್ಕೆ ಏನು ಹೇಳಲಿ. ಆ ಕಪ್ಪು ನೀರು ನೋಡಿ ನೀನು ಡಬ್ಬ ಹುಡುಕಿದೆ, ಅದನ್ನು ಓದಿ ನನ್ನ ಜೀವ ಬಾಯಿಗೆ ಬಂತು.

ಕೇಳು. ಬೆಂಕಿಗೆ ಉಸಿರು ಬೇಕು. ಗಾಳಿ ಕಿಂಡಿ ಮುಚ್ಚಿದರೆ ಅದು ಉರಿಯುವುದಿಲ್ಲ, ಸಾಯುವುದೂ ಇಲ್ಲ, ಹೊಗೆಯಾಡುತ್ತಾ ಕೊರಗುತ್ತದೆ. ಆ ಹೊಗೆ ತಣ್ಣಗಿನ ಕೊಳವೆಯಲ್ಲಿ ಮೇಲೇರುವಾಗ ಒಳಗೋಡೆಗೆ ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ. ನಿನ್ನ ಡಬ್ಬಕ್ಕೆ ತೊಟ್ಟಿಕ್ಕುತ್ತಿರುವುದು ಅದೇ. ಒಣಗಿದರೆ ಅದು ಸೌದೆಗಿಂತ ಚೆನ್ನಾಗಿ ಹತ್ತಿಕೊಳ್ಳುತ್ತದೆ. ಒಲೆಯಲ್ಲಿ ಇರಬೇಕಾದ ಬೆಂಕಿ ಕೊಳವೆಯಲ್ಲಿ ಹತ್ತಿದರೆ ಅದರ ಸುತ್ತ ಇರುವುದು ನಿನ್ನ ಛಾವಣಿಯ ಮರ. ಇಷ್ಟು ಬಿಡಿಸಿ ಹೇಳಿದರೆ ಸಾಕಲ್ಲ?

ಇವತ್ತಿನಿಂದ ಆ ಒಲೆ ಹಚ್ಚಬೇಡ. ಕೊಳವೆ ಗುಡಿಸಿದ ಮೇಲೇ ಮುಂದಿನ ಬೆಂಕಿ. ಗುಡಿಸುವವರು ಊರಲ್ಲಿ ಇಲ್ಲದಿದ್ದರೆ ಪಕ್ಕದ ಊರಿಂದ ಕರೆಸು. ಆಮೇಲೂ ಕಿಂಡಿ ತೆಗೆದು ಜೋರಾಗಿ ಉರಿಸು, ಮಲಗುವ ಹೊತ್ತಿಗೆ ಆರಲು ಬಿಡು. ಬೆಳಿಗ್ಗೆ ತಣ್ಣಗಿನ ಒಲೆ ನೋಡುವುದು ಯಾರಿಗೂ ಇಷ್ಟವಿಲ್ಲ ಮಗಳೇ. ನಿನ್ನ ಅತ್ತೆ ತೀರಿಕೊಂಡ ವರ್ಷ ನಾನೂ ಎದ್ದು ಮೊದಲು ಒಲೆ ಮುಟ್ಟಿ ನೋಡುತ್ತಿದ್ದೆ. ಆದರೂ ಹೊಸದಾಗಿ ಹಚ್ಚುತ್ತಿದ್ದೆ.

ಗುಡಿಸಿದ ಕೂಡಲೇ ಬರೆ. ಯಾರು ಗುಡಿಸಿದರು, ಏನೇನು ಬಿತ್ತು, ಎಲ್ಲ ಬರೆ.

ಮಾವ

ಅಕ್ಟೋಬರ್ 30

ಮಾವ,

ನಿಮ್ಮ ಜೀವ ಬಾಯಿಂದ ಮತ್ತೆ ಎದೆಗೆ ಇಳಿಯಲಿ. ಕೊಳವೆ ಗುಡಿಸಿ ಆಯಿತು. ಗುಡಿಸಿದ್ದು ಬೇರೆ ಯಾರೂ ಅಲ್ಲ, ನಿಮ್ಮ ಮಗನೇ.

ಹೋದ ಭಾನುವಾರ ಬಿಸಿಲು ಚೆನ್ನಾಗಿತ್ತು. ನಿಮ್ಮ ಪತ್ರ ಓದಿ ಇವರು, "ಹೊರಗಿನವರು ಯಾಕೆ, ನಾನೇ ಹತ್ತುತೀನಿ" ಅಂದರು. ಏಣಿ ಟೈಲರಮ್ಮನ ಮನೆಯದು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತಿದರು, ಕೊಳವೆಯ ಟೋಪಿ ಬಿಚ್ಚಿ ಬ್ರಷ್ ಇಳಿಸಿದರು. ನಾನು ಒಳಗೆ ಒಲೆಯ ಬಾಯಿಗೆ ಹಳೆ ಹೊದಿಕೆ ಕಟ್ಟಿ ಹಿಡಿದುಕೊಂಡಿದ್ದೆ. ಮೇಲಿಂದ "ಬಿತ್ತಾ?" ಅಂತ ಕೂಗುವುದು, ಕೆಳಗಿಂದ ನಾನು "ಬೀಳ್ತಾ ಇದೆ, ಬೀಳ್ತಾ ಇದೆ" ಅನ್ನುವುದು. ಬಕೆಟ್ ತುಂಬ ಮಸಿ ಬಂತು. ಇಳಿದಾಗ ಅವರ ಮುಖದಲ್ಲಿ ಬರೀ ಹಲ್ಲು ಕಾಣುತ್ತಿದ್ದವು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಸ್ನಾನಕ್ಕೆ ಬಿಸಿನೀರು ಕಾಯಿಸಿಕೊಟ್ಟೆ. ಊಟಕ್ಕೆ ಕೂತಾಗ, "ಅಪ್ಪನ ಕೆಲಸ ಇಷ್ಟು ಕಷ್ಟ ಅಂತ ಗೊತ್ತೇ ಇರಲಿಲ್ಲ" ಅಂದರು.

ಇನ್ನು ನೀವು ಚಿಂತೆ ಬಿಟ್ಟು ನಿಮ್ಮ ಕೈ ತುಂಬ ಇರುವ ಕೆಲಸ ನೋಡಿಕೊಳ್ಳಿ.

ನಿಮ್ಮ ಸೊಸೆ

ನವೆಂಬರ್ 5

ಮಗಳೇ,

ನಿನ್ನ ಪತ್ರವನ್ನು ಶೆಡ್ಡಿನಲ್ಲಿ ನಿಂತು ಓದಿದೆ. ಅಪ್ಪನ ಕೆಲಸ ಕಷ್ಟ ಅನ್ನುವ ಸಾಲಿಗೆ ಬಂದಾಗ ಅಲ್ಲೇ ಹಳೆ ಕೊಳವೆಗಳ ಮೇಲೆ ಕೂತುಬಿಟ್ಟೆ. ಮೂವತ್ತೈದು ವರ್ಷದಲ್ಲಿ ನನ್ನ ಮಗ ಆ ಮಾತು ಒಂದು ಸಲವೂ ಆಡಿಲ್ಲ.

ಆ ಭಾನುವಾರವೂ ಆಡಲಿಲ್ಲ. ಆ ದಿನ ಅವನು ಇಲ್ಲೇ ಇದ್ದ, ನನ್ನ ಮನೆಯಲ್ಲಿ. ಸಂಜೆವರೆಗೆ ಮಲಗಿದ್ದ, ಎದ್ದು ಊಟ ಮಾಡಿ ಮತ್ತೆ ಮಲಗಿದ.

ಸೆಪ್ಟೆಂಬರ್ ಶುರುವಿನಲ್ಲಿ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದ. "ಅಲ್ಲಿಂದ ಹೊರಟು ಬಂದೆ, ಇನ್ನು ಹೋಗಲ್ಲ" ಅಂದ. ಯಾಕೆ ಅಂದರೆ "ಅವಳದೇನೂ ತಪ್ಪಿಲ್ಲ, ನನಗೇ ಆಗ್ತಿಲ್ಲ" ಅಂದ. ಅದಕ್ಕಿಂತ ಹೆಚ್ಚು ಅವನಿಂದ ಹೊರಡಲಿಲ್ಲ. ಆಮೇಲೆ ನಿನ್ನ ಮೊದಲ ಪತ್ರ ಬಂತು, ಇವರು ಚೆನ್ನಾಗಿದ್ದಾರೆ ಅಂತ. ನೀನಾಗಿ ಹೇಳಲಿ ಎಂದು ಸೌದೆ ಯಾರು ಸೀಳುತ್ತಾರೆ ಅಂತ ಕೇಳಿದೆ. ನೀನು ಅವನ ಕೈಯ ಬೊಬ್ಬೆಗೆ ಎಣ್ಣೆ ಹಚ್ಚಿದೆ ಅಂತ ಬರೆದೆ. ಅವನ ಕೈ ನೋಡಿದೆ, ಎಳೆಯ ಮಗುವಿನ ಕೈ ಹಾಗಿತ್ತು.

ನಿಜ ಹೇಳುತ್ತೇನೆ. ನೀನು ಬರೆಯುವ ಮಗ ನನಗೆ ಹುಟ್ಟಿದವನಿಗಿಂತ ಎಷ್ಟೋ ವಾಸಿ. ಅವನ ಸುದ್ದಿ ಓದಲು ಕಾಯುತ್ತಿದ್ದೆ. ಗೊತ್ತು ಅಂದುಬಿಟ್ಟರೆ ನೀನು ಬರೆಯುವುದು ನಿಲ್ಲಿಸುತ್ತೀಯ ಅಂತ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ನನಗೆ ಬರುವ ಪತ್ರ ಅಂದರೆ ಅದೊಂದೇ. ಕೊಳವೆ ಗುಡಿಸಿದ ಸುಳ್ಳು ಒಂದು ಬರೆಯದಿದ್ದರೆ ಇನ್ನೂ ಸುಮ್ಮನಿರುತ್ತಿದ್ದೆ. ಈಗ ಸುಮ್ಮನಿದ್ದರೆ ನಿನ್ನ ಮನೆ ಸುಡುತ್ತದೆ.

ಆದ್ದರಿಂದ ಕೋಪ ಆಮೇಲೆ ಮಾಡಿಕೊ, ಮೊದಲು ಇದನ್ನು ಓದು. ಒಲೆ ಹಚ್ಚಬೇಡ. ಹಚ್ಚಿದ್ದೇ ಆದರೆ, ಕೊಳವೆಯಲ್ಲಿ ರೈಲು ಬಂದ ಹಾಗೆ ಸದ್ದು ಕೇಳಿದರೆ, ನೀರು ಹಾಕಬೇಡ. ಒಲೆ ಬಾಗಿಲು ಹಾಕು, ಗಾಳಿ ಕಿಂಡಿ ಎಲ್ಲ ಮುಚ್ಚು, ಅಗ್ನಿಶಾಮಕದವರಿಗೆ ಹೇಳಿ ಮನೆಯಿಂದ ಹೊರಗೆ ಬಾ. ಕಿಂಡಿ ಪೂರ್ತಿ ಮುಚ್ಚಬೇಕಾದ್ದು ಆಗ ಮಾತ್ರ.

ಮಾವ

ನವೆಂಬರ್ 13

ಮಗಳೇ,

ಉತ್ತರ ಇಲ್ಲ. ಕೋಪ ಬಂದಿದೆ ಅಂತ ತಿಳಿಯಿತು, ಬರಲಿ. ಆದರೆ ಕೊಳವೆ ಏನಾಯಿತು ಅಂತ ಬರೆ. ನಿಮ್ಮ ಕಡೆ ಗುಡಿಸುವ ಒಬ್ಬನ ವಿಳಾಸ ಸಿಕ್ಕಿದೆ, ಈ ಪತ್ರದ ಹಿಂದೆ ಬರೆದಿದ್ದೇನೆ. ಅವನು ಕುಡಿಯುತ್ತಾನೆ, ಆದರೆ ಮಧ್ಯಾಹ್ನದ ಒಳಗೆ ಕರೆಸಿದರೆ ಕೆಲಸ ಚೊಕ್ಕ.

ನಿನ್ನ ಪತ್ರ ಒಂದನ್ನೂ ನನ್ನ ಮಗನಿಗೆ ತೋರಿಸಿಲ್ಲ. ನೀನು ಅದನ್ನೇ ಯೋಚಿಸುತ್ತಿರಬಹುದು ಅಂತ ಹೇಳಿದೆ.

ಮಾವ

ನವೆಂಬರ್ 20

ಮಗಳೇ,

ಬೈದು ಒಂದು ಸಾಲು ಬರೆದರೂ ಸಾಕು. ಬೈಯಲೂ ಆಗದಿದ್ದರೆ ಗಾಜು ಕಪ್ಪಗಿದೆಯೋ ಬೆಳ್ಳಗಿದೆಯೋ ಅಷ್ಟು ಬರೆ.

ಮಾವ

ನವೆಂಬರ್ 24

ಗಾಜು ಒಡೆದಿದೆ.

ನಿಮ್ಮ ಐದನೇ ತಾರೀಖಿನ ಪತ್ರ ಬಂದ ಸಂಜೆ ಓದಿದೆ. ಓದಿ ಕೋಣೆಯ ಮಧ್ಯೆ ನಿಂತೇ ಇದ್ದೆ. ನಾನು ಬರೆದದ್ದೆಲ್ಲ ಸಾಲು ಸಾಲಾಗಿ ನೆನಪಾಯಿತು. ಎಣ್ಣೆ ಹಚ್ಚಿದ್ದು, ಬಿಸಿನೀರು ಕಾಯಿಸಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕದ್ದು. ಎಲ್ಲಿಗೆ ಅಂತ ನನಗೆ ಹೇಳದೆ ಹೋದ ನಿಮ್ಮ ಮಗ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ ನೀವು ಕೂತು ಅದನ್ನೆಲ್ಲ ಓದಿದಿರಿ. ಬೀದಿಯ ಮಧ್ಯೆ ಬಟ್ಟೆ ಜಾರಿದ ಹಾಗಾಯಿತು ನನಗೆ.

ನೀವು ಈ ಸಲ ಯಾಕೆ ಬರಲಿಲ್ಲ ಅಂತ ಆಗ ಅರ್ಥವಾಯಿತು. ಕೈ ತುಂಬ ಕೆಲಸವಂತೆ! ಮಗ ಬಂದು ಕೂತಿದ್ದ, ಸೊಸೆ ಬೇಡವಾದಳು. ಅಪ್ಪ ಮಗ ಒಂದಾದಿರಿ, ನನಗೆ ಮಾತ್ರ ಹಗ್ಗ ನೋಡು, ಸೌದೆ ತಟ್ಟು ಅಂತ ಪಾಠ.

ನಿಮ್ಮ ಪತ್ರಗಳೆಲ್ಲ ಅಲಮಾರಿನಲ್ಲಿ ದಾರ ಕಟ್ಟಿ ಇಟ್ಟಿದ್ದೆ. ಮದುವೆಯಾದಾಗಿನಿಂದ ಬಂದದ್ದು. ಕಟ್ಟು ಬಿಚ್ಚದೆ, ಆ ಹೊಸ ಪತ್ರವನ್ನೂ ಸೇರಿಸಿ ಹಾಗೇ ಒಲೆಗೆ ತುರುಕಿ, ಕಿಂಡಿ ಪೂರ್ತಿ ತೆಗೆದು ಕಡ್ಡಿ ಗೀರಿದೆ. ಚೆನ್ನಾಗಿ ಉರಿಯಲಿ ಅಂತಲೇ ತೆಗೆದೆ.

ಮೊದಲು ಗುಂಯ್ ಅಂದಿತು. ನನ್ನ ಕಿವಿಯೇ ಹಾಗೆ ಅನ್ನುತ್ತಿದೆ ಅಂದುಕೊಂಡೆ. ಆಮೇಲೆ ಸದ್ದು ಜೋರಾಯಿತು, ಒಲೆ ನಡುಗತೊಡಗಿತು, ಕೊಳವೆ ಸೂರಿನ ಹತ್ತಿರ ಕೆಂಪಗಾಯಿತು. ರೈಲು ಅಂತ ಬರೆದಿದ್ದಿರಿ, ರೈಲೇ. ನೀರಿನ ಬಿಂದಿಗೆ ಎತ್ತಿಕೊಂಡಿದ್ದೆ, ಇಳಿಸಿದೆ. ಬಾಗಿಲು ಹಾಕಿದೆ, ಕಿಂಡಿಗಳನ್ನು ಮುಚ್ಚಿದೆ, ಹೊರಗೆ ಓಡಿದೆ. ನೀರು ಹಾಕಬೇಡ ಅಂತ ಬರೆದ ಪತ್ರ ಆ ಹೊತ್ತಿಗೆ ಉರಿದು ಬೂದಿಯಾಗಿತ್ತು, ಅದರ ಮಾತು ಮಾತ್ರ ತಲೆಯಲ್ಲಿತ್ತು.

ಟೈಲರಮ್ಮ ಫೋನ್ ಮಾಡಿದರು. ಅಗ್ನಿಶಾಮಕದವರು ಬಂದು ಆರಿಸಿದರು. ಛಾವಣಿಯ ಎರಡು ತೊಲೆ ಸುಟ್ಟಿವೆ, ಮನೆ ಉಳಿದಿದೆ. ಕೊಳವೆ ಒಳಗಿಂದ ಬಿರಿದಿದೆ. "ಇದನ್ನ ಬದಲಾಯಿಸೋ ತನಕ ಒಲೆ ಮುಟ್ಟಬೇಡಿ, ನಿಮ್ಮ ಅದೃಷ್ಟ ದೊಡ್ಡದು" ಅಂದರು. ಟೈಲರಮ್ಮ ಆ ಸಲವೂ ನಗಲಿಲ್ಲ, ಆದರೆ ತಮ್ಮ ಶಾಲು ಹೊದಿಸಿದರು.

ನಾನು ಯಾಕೆ ಮುಚ್ಚಿಟ್ಟೆ ಅಂತ ನೀವು ಕೇಳಲಿಲ್ಲ. ನಾನೇ ಹೇಳುತ್ತೇನೆ. ಇವರು ಹೋದರೆ ಹೋಗಲಿ, ನೀವಾದರೂ ನನಗೆ ಉಳಿಯಬೇಕು ಅಂತ. ಗಂಡ ಬಿಟ್ಟುಹೋದ ಮೇಲೆ ಮಾವನಿಗೆ ಯಾವ ನೆಪದಲ್ಲಿ ಬರೆಯುವುದು? ಒಲೆ ಒಂದು ನೆಪ ಇತ್ತು. ಈಗ ಅದೂ ಇಲ್ಲ.

ಡಿಸೆಂಬರ್ 1

ಮಗಳೇ,

ನೀನು ಬದುಕಿದ್ದೀಯ. ಉಳಿದದ್ದೆಲ್ಲ ಆಮೇಲೆ.

ಪತ್ರ ಸುಟ್ಟದ್ದಕ್ಕೆ ನನಗೆ ಬೇಸರವಿಲ್ಲ. ನಾನು ಏನು ಬರೆದರೂ ಕೆಳಗೆ ಕಾರ್ಬನ್ ಇಟ್ಟು ಬರೆಯುವವನು, ಗಿರಾಕಿಗಳ ಜೊತೆ ಜಗಳವಾಡಿ ಕಲಿತ ಅಭ್ಯಾಸ. ನಕಲು ಎಲ್ಲ ಇಲ್ಲಿವೆ. ಬೇಕಾದರೆ ಮತ್ತೆ ಸುಡಲು ಕಳಿಸುತ್ತೇನೆ, ಈ ಸಲ ಒಂದೊಂದೇ ಹಾಳೆ.

ಈಗ ನನ್ನ ಸುಳ್ಳಿನ ಸರದಿ. ಕೈ ತುಂಬ ಕೆಲಸ ಅಂತ ಬರೆದೆನಲ್ಲ, ನನಗೆ ಏಪ್ರಿಲ್‌ನಿಂದ ಕೆಲಸವೇ ಇಲ್ಲ. ಒಬ್ಬರ ಮನೆಯ ಛಾವಣಿಯಿಂದ ಬಿದ್ದೆ. ಸೊಂಟ ಮುರಿಯಿತು. ಕೋಲು ಹಿಡಿದು ಶೆಡ್ಡಿನ ತನಕ ನಡೆಯುತ್ತೇನೆ, ಏಣಿ ಕಂಡರೆ ಕಾಲು ತಾನೇ ಹಿಂದೆ ಹೋಗುತ್ತದೆ. ಛಾವಣಿ ಹತ್ತದ ಹೊಗೆ ಮೇಸ್ತ್ರಿ ಅಂದರೆ ಜನ ನಗುತ್ತಾರೆ. ನೀನೂ ನಗುತ್ತೀಯ ಅಂತಲ್ಲ, ನೀನು ಮರುಕಪಡುತ್ತೀಯ ಅಂತ ಬರೆಯಲಿಲ್ಲ. ನೀನು ಬೇಡವಾಗಿ ಬಾರದೆ ಇದ್ದದ್ದಲ್ಲ ಮಗಳೇ. ಹತ್ತಲು ಆಗದವನು ಬಂದು ಅಂಗಳದಲ್ಲಿ ನಿಂತು ಏನು ಮಾಡಲಿ ಅಂತ ನಾಚಿಕೆಯಾಯಿತು.

ಬೆಂಕಿಯ ವಿಷಯ ಅವನಿಗೆ ಹೇಳಿದೆ. ತಟ್ಟೆಯಿಂದ ತಲೆ ಎತ್ತಿ "ಮನೆ ಉಳೀತಾ?" ಅಂದ. ಸ್ವಲ್ಪ ಹೊತ್ತು ಬಿಟ್ಟು "ಅವಳಿಗೆ ಏನೂ ಆಗಿಲ್ಲ ತಾನೇ?" ಅಂದ. ಅವನು ಕೆಟ್ಟವನಲ್ಲ. ಅವನಿಗೆ ಎಲ್ಲವೂ ಎರಡನೇ ಸಲಕ್ಕೆ ಹೊಳೆಯುತ್ತದೆ, ಆ ಹೊತ್ತಿಗೆ ಎದುರಿಗಿದ್ದವರು ಎದ್ದು ಹೋಗಿರುತ್ತಾರೆ.

ಚಳಿಗೆ ಏನು ಮಾಡುತ್ತಿದ್ದೀಯ? ಕೊಳವೆಯ ಉದ್ದಗಲ ನನ್ನ ಹತ್ತಿರ ಇದೆ. ಹೊಸದು ಮಾಡಿಸುತ್ತಿದ್ದೇನೆ.

ಮಾವ

ಡಿಸೆಂಬರ್ 20

ಮಾನ್ಯರೇ,

ವಕೀಲರಿಂದ ಬೇರೆಯಾಗುವ ಕಾಗದ ಬಂತು. ನಿಮ್ಮ ಮಗ ಸಹಿ ಹಾಕಿ ಕಳಿಸಿದ್ದಾರೆ. ನಾನೂ ಹಾಕುತ್ತೇನೆ, ಜಗಳಕ್ಕೆ ಏನೂ ಉಳಿದಿಲ್ಲ. ಮನೆ ನನ್ನ ಚಿಕ್ಕಮ್ಮನದಾಗಿದ್ದು ನನಗೇ ಬಂದದ್ದು, ಅದರ ತಕರಾರೂ ಇಲ್ಲ.

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಮೇಲೆ ಹಾಗೆ ಬರೆದೆ. ಟಿಕೆಟ್ ಗೂಡಿಗೆ ದೂರು ಬರೆಯುವವರು ಹಾಗೆ ಶುರು ಮಾಡುತ್ತಾರೆ. ನಾಲ್ಕು ಸಲ "ಮಾವ" ಅಂತ ಬರೆದು ಹರಿದೆ. ಆ ಕಾಗದದ ಮೇಲೆ ಸಹಿ ಹಾಕಿದ ಮೇಲೂ ಹಾಗೆ ಕರೆದರೆ ಮೇಲೆ ಬಿದ್ದು ಸಂಬಂಧ ಹಿಡಿದುಕೊಂಡ ಹಾಗೆ.

ಒಲೆ ನಿಮ್ಮ ಕಡೆಯಿಂದ ಬಂದದ್ದು. ಇಬ್ಬರು ಆಳುಗಳನ್ನು ಕಳಿಸಿ ಬಿಚ್ಚಿಸಿಕೊಂಡು ಹೋಗಿ. ಕೊಳವೆ ಮಾಡಿಸುವ ಶ್ರಮ ಬೇಡ. ನಿಮ್ಮ ಸೊಂಟದ ವಿಷಯ ಓದಿ ತುಂಬ ಸಂಕಟವಾಯಿತು. ಅದನ್ನು ನೀವು ಏಪ್ರಿಲ್‌ನಲ್ಲೇ ಬರೆದಿದ್ದರೆ ನಾನು ಬರುತ್ತಿದ್ದೆ. ಆಗ ಬರಲು ನನಗೆ ಹಕ್ಕಿತ್ತು.

ನನಗೆ ಕರೆಂಟಿನ ಹೀಟರ್ ಸಾಕು. ಅಡುಗೆಮನೆಯಲ್ಲೇ ಹಾಸಿಕೊಳ್ಳುತ್ತೇನೆ, ಅಲ್ಲಿ ಚಳಿ ಕಡಿಮೆ. ಒಂದೇ ತೊಂದರೆ, ಹೀಟರ್ ಸದ್ದು ಮಾಡುವುದಿಲ್ಲ. ಒಲೆ ಚಟಪಟ ಅನ್ನುತ್ತಿತ್ತು, ಕಾದಾಗ ಟಿಕ್ ಅನ್ನುತ್ತಿತ್ತು, ಆರುವಾಗಲೂ ಅನ್ನುತ್ತಿತ್ತು. ಈ ಮನೆಯಲ್ಲಿ ಮಾತಾಡುತ್ತಿದ್ದದ್ದು ಅದೊಂದೇ ಅಂತ ಈಗ ಗೊತ್ತಾಗಿದೆ. ತುಂಬ ಒಂಟಿ ಅನ್ನಿಸುತ್ತದೆ. ಇದನ್ನು ಬರೆಯಬಾರದಿತ್ತು, ಬರೆದಾಯಿತು.

ಇಷ್ಟು ವರ್ಷ ನೋಡಿಕೊಂಡದ್ದಕ್ಕೆ ನಮಸ್ಕಾರ.

ಡಿಸೆಂಬರ್ 27

ಮಗಳೇ,

ಮಾನ್ಯರೇ ಅಂತೆ! ನನ್ನನ್ನು ಹಾಗೆ ಕರೆದವರು ಇಬ್ಬರೇ, ಒಬ್ಬ ಹೊಗೆ ಬರುತ್ತೆ ಅಂತ ದಾವೆ ಹಾಕಿದ ಗಿರಾಕಿ, ಇನ್ನೊಬ್ಬಳು ನೀನು. ಅವನ ದಾವೆ ಬಿದ್ದುಹೋಯಿತು, ನಿನ್ನದೂ ಬೀಳುತ್ತದೆ.

ವಕೀಲರ ಕಾಗದ ತೆಗೆದು ದೀಪದ ಹತ್ತಿರ ಹಿಡಿದು ಇನ್ನೊಂದು ಸಲ ನೋಡು. ಅವನ ಸಹಿ ಇದೆ. ನಿನ್ನದಕ್ಕೆ ಜಾಗ ಬಿಟ್ಟಿದ್ದಾರೆ. ವಕೀಲರದ್ದಿದೆ, ಸಾಕ್ಷಿಗಳದ್ದಿದೆ. ನನ್ನ ಸಹಿ ಎಲ್ಲಿದೆ, ತೋರಿಸು. ಬೇರೆಯಾದವನು ಅವನು. ನಾನು ನಿನ್ನಿಂದ ಬೇರೆಯಾಗುತ್ತೇನೆ ಅಂತ ಎಲ್ಲೂ ಬರೆದುಕೊಟ್ಟಿಲ್ಲ, ಯಾರೂ ನನ್ನನ್ನು ಕೇಳಲೂ ಇಲ್ಲ.

ಹಕ್ಕಿನ ಮಾತಾಡಿದ್ದೀಯ. ಹಕ್ಕಿರುವ ಮಗ ಈ ತಿಂಗಳ ಮೊದಲ ವಾರ ಬೇರೆ ಊರಿಗೆ ಹೊರಟುಹೋದ, ಕೆಲಸ ಸಿಕ್ಕಿತಂತೆ. ಹೋಗುವಾಗ "ಬರ್ತೀನಿ" ಅಂದ, ಯಾವಾಗ ಅನ್ನಲಿಲ್ಲ. ನನ್ನ ಮನೆಯಲ್ಲಿ ಒಲೆ ಇದೆ, ಸದ್ದೂ ಮಾಡುತ್ತದೆ. ಆದರೆ ಒಲೆಯ ಸದ್ದು ಎಷ್ಟು ಕೇಳಿದರೂ ಅದು ತಿರುಗಿ ಊಟ ಆಯಿತಾ ಅನ್ನುವುದಿಲ್ಲ. ಮೂರು ವಾರದಿಂದ ಒಬ್ಬನೇ ಇದ್ದೇನೆ, ನನಗೂ ಆಗುತ್ತಿಲ್ಲ.

ಹೊಸ ಕೊಳವೆ ತಯಾರಿದೆ, ಗಾಜೂ ಇದೆ. ಜನವರಿ ಹತ್ತರಂದು ಲಾರಿಯಲ್ಲಿ ಹಾಕಿಕೊಂಡು ಡ್ರೈವರ್ ಪಕ್ಕ ಕೂತು ಬರುತ್ತೇನೆ. ಛಾವಣಿ ಹತ್ತುವವಳು ನೀನು. ನಾನು ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಕೂಗುತ್ತೇನೆ. ಗಂಟಲು ಒಂದು ಚೆನ್ನಾಗಿದೆ, ಆ ಊರೆಲ್ಲ ಕೇಳುತ್ತದೆ. ಬೇಡ ಅನ್ನುವುದಾದರೆ ಒಂದು ಸಾಲು ಬರೆ, ಲಾರಿಯವನಿಗೆ ಹೇಳುತ್ತೇನೆ.

ನಿನ್ನ ಮಾವ

ಜನವರಿ 3

ಮಾವ,

ಕಾಗದಕ್ಕೆ ಸಹಿ ಹಾಕಿ ಕಳಿಸಿದೆ. ಕಳಿಸುವ ಮುಂಚೆ ಹಿಂದೆ ಮುಂದೆ ತಿರುಗಿಸಿ ಹುಡುಕಿದೆ. ನೀವು ಹೇಳಿದ್ದು ನಿಜ, ನಿಮ್ಮ ಸಹಿ ಎಲ್ಲೂ ಇಲ್ಲ.

ಸುಟ್ಟ ತೊಲೆಗಳನ್ನು ಬಡಗಿ ಬದಲಾಯಿಸಿ ಹೋದ. ಟೈಲರಮ್ಮ ಏಣಿ ಕೊಡುತ್ತಾರೆ. ನಾನು ನಿನ್ನೆ ಅರ್ಧದವರೆಗೆ ಹತ್ತಿ ಇಳಿದೆ, ಹತ್ತನೇ ತಾರೀಖಿನ ಹೊತ್ತಿಗೆ ಸರಿಹೋಗುತ್ತದೆ. ಲಾರಿ ಬೀದಿಯೊಳಗೆ ತಿರುಗುವುದಿಲ್ಲ, ಮೂಲೆಯಲ್ಲಿ ನಿಲ್ಲಿಸಲು ಹೇಳಿ. ನಾನು ಅಲ್ಲಿಗೆ ಬಂದು ನಿಮ್ಮನ್ನು ಇಳಿಸಿಕೊಳ್ಳುತ್ತೇನೆ.

ನಡು ಕೋಣೆಯಲ್ಲಿ ಒಲೆಯ ಹತ್ತಿರ ನಿಮಗೆ ಮಂಚ ಹಾಕಿದ್ದೇನೆ, ಮೆಟ್ಟಿಲು ಹತ್ತುವ ಕೆಲಸ ಇಲ್ಲ. ನಾಲ್ಕು ದಿನದ ಬಟ್ಟೆ ತರಬೇಡಿ. ಚಳಿಗಾಲ ಮುಗಿಯುವ ತನಕ ಬೇಕಾಗುವಷ್ಟು ತನ್ನಿ.